ಸೋಮೇಶ್ವರನ ಕೋಲು

ಹೊಂಗನಪುರದ ಸೋಮೇಶ್ವರ ಗುಡಿಯ ಧರ್ಮದರ್ಶಿ ಗುರುಪಾದಸ್ವಾಮಿಯವರಿಗೆ ಈ ಲೋಕದಲ್ಲಿ ಹಿಡಿಸಿದ್ದು ಎರಡೇ. ಒಂದು ತಮ್ಮ ಸರ್ವೆ ಸರಪಳಿ, ಇನ್ನೊಂದು ತಾವು. ಮಿಕ್ಕದ್ದೆಲ್ಲ ಅವರ ಲೆಕ್ಕದಲ್ಲಿ ಡೊಂಕು. ಕೊಳ್ಳೇಗಾಲ ಇನ್ನೂ ಕೊಯಮತ್ತೂರು ಜಿಲ್ಲೆಯಲ್ಲಿದ್ದಾಗ ಮದ್ರಾಸು ಸರ್ಕಾರದ ಸರ್ವೇಯರಾಗಿ ಮೂವತ್ತು ವರ್ಷ ಹೊಲ ಅಳೆದವರು. ಐವತ್ತಾರರಲ್ಲಿ ತಾಲ್ಲೂಕು ಮೈಸೂರಿಗೆ ಸೇರಿದ ದಿನ ಊರಿನವರು ಬೀದಿಗೆ ತೋರಣ ಕಟ್ಟಿದರೆ, ಇವರು ಬಾಗಿಲು ಹಾಕಿಕೊಂಡು ಸರಪಳಿಗೆ ಎಣ್ಣೆ ಹಚ್ಚಿದರು. ಮೈಸೂರಿನವರಿಗೆ ಅಳೆಯಲು ಬರುವುದಿಲ್ಲ, ಅಳೆದರೂ ಬರೆಯಲು ಬರುವುದಿಲ್ಲ ಎಂಬುದು ಅವರ ಖಚಿತ ಅಭಿಪ್ರಾಯ. ಮದ್ರಾಸಿನವರ ಮೇಲೂ ಅವರಿಗೆ ಇಂಥದೇ ಅಭಿಪ್ರಾಯವಿತ್ತು ಅನ್ನುವುದು ಬೇರೆ ಮಾತು.

ಕೆಲಸದಿಂದ ನಿವೃತ್ತರಾದ ಮೇಲೆ ಅವರು ಗುಡಿಯ ಇತಿಹಾಸ ಬರೆಯಲು ಕೂತರು. ದಪ್ಪ ರಟ್ಟಿನ ಪುಸ್ತಕ, ಕೆಂಪು ಮಸಿ, ಕರಿ ಮಸಿ. ಗುಡಿಯ ಒಂದೊಂದು ಗೋಡೆಯನ್ನೂ ಟೇಪು ಹಿಡಿದು ಅಳೆದರು. ಅಳೆದದ್ದನ್ನು ಕರಿ ಮಸಿಯಲ್ಲಿ, ಬೈದದ್ದನ್ನು ಕೆಂಪು ಮಸಿಯಲ್ಲಿ ಬರೆದರು. ಗರ್ಭಗುಡಿ ಚೋಳರ ಕಾಲದ್ದು, ಕಲ್ಲು ಗಟ್ಟಿ, ಗಾಳಿ ಬೆಳಕು ಇಲ್ಲ. ಅದರ ಮುಂದಿನ ನವರಂಗವೂ ಆಗಿನದೇ, ಗೋಡೆಯಿಂದ ಗೋಡೆಗೆ ಇಪ್ಪತ್ತನಾಲ್ಕು ಅಡಿ ಎಂಟು ಅಂಗುಲ. ಇಲ್ಲಿ ಕೆಂಪು ಮಸಿ ಹೀಗೆ ಹೇಳುತ್ತಿತ್ತು: 'ಇಪ್ಪತ್ತೈದು ಅಡಿ ಮಾಡಲು ಹೋಗಿ ನಾಲ್ಕಂಗುಲ ತಪ್ಪಿದ್ದಾನೆ, ಮುಠ್ಠಾಳ.' ಹೊರಗಿನ ಪಟ್ಟಸಾಲೆ ಪಾಳೇಗಾರರು ಸೇರಿಸಿದ್ದು. ಎಲ್ಲೆಲ್ಲಿಂದಲೋ ಹೊತ್ತು ತಂದ ಕಂಬಗಳು, ಒಂದಕ್ಕೂ ಇನ್ನೊಂದಕ್ಕೂ ನೆಂಟಸ್ತಿಕೆಯಿಲ್ಲ, ಗಿಡ್ಡ ಕಂಬದ ನೆತ್ತಿಗೆ ಚಪ್ಪಡಿ ಚೂರು ತುರುಕಿ ಎತ್ತರ ಸಮ ಮಾಡಿದ್ದಾರೆ. ಬಾಗಿಲ ಮೇಲಿನ ಇಟ್ಟಿಗೆ ಗೋಪುರ ಮಾತ್ರ ಅರ್ಧಕ್ಕೇ ನಿಂತಿತ್ತು. ಅದನ್ನು ಕಟ್ಟಿಸಹೊರಟವರು ಅವರ ಸ್ವಂತ ಮುತ್ತಾತ. ಆ ಕಾಲದಲ್ಲಿ ಇಟ್ಟಿಗೆಯ ಅಭಾವವಿತ್ತು ಎಂದು ಬರೆದು ಮುಂದಿನ ಪುಟಕ್ಕೆ ಹೋದರು.

ಗುಡಿಯ ದಕ್ಷಿಣದ ಗೋಡೆಯ ಬುಡದಲ್ಲಿ ಹಳೆಯ ಅಕ್ಷರದ ಶಾಸನವಿತ್ತು. ಅದನ್ನು ಓದಲು ಯಾರಿಗೂ ಬರುತ್ತಿರಲಿಲ್ಲ, ಅವರಿಗೂ ಬರುತ್ತಿರಲಿಲ್ಲ. ಆದರೂ ಅದು ಅಕ್ಷರ. ಅಕ್ಷರದ ಮೇಲೆ ಅವರಿಗೆ ಭಕ್ತಿ. ತಿಂಗಳಿಗೊಮ್ಮೆ ಎಣ್ಣೆ ಸವರುತ್ತಿದ್ದರು. ಉತ್ತರದ ಬುಡದಲ್ಲಿ ಇದ್ದದ್ದು ಬರೀ ಎರಡು ಗುರುತು. ಈ ಕೊನೆಗೊಂದು ಕೂಡಿಸುವ ಚಿಹ್ನೆಯಂಥ ಗೀಟು, ಆ ಕೊನೆಗೊಂದು ಅಂಥದೇ ಗೀಟು, ನಡುವೆ ಕಲ್ಲಲ್ಲಿ ಕೊರೆದ ನೇರ ಗೆರೆ. ಊರಿನವರು ಅದನ್ನು ಸೋಮಪ್ಪನ ಕೋಲು ಅನ್ನುತ್ತಿದ್ದರು.

ಹೊಂಗನಪುರದಲ್ಲಿ ಯಾರೇ ಮನೆ ಹೂಡಲಿ, ಮೊದಲು ಬಿಳಿಗಿರಿರಂಗನ ಬೆಟ್ಟದ ಬಿದಿರು ತಂದು ಆ ಎರಡು ಗುರುತಿನ ನಡುವೆ ಮಲಗಿಸಿ ಸರಿಯಾಗಿ ಕತ್ತರಿಸುವುದು. ಅದನ್ನು ಇಬ್ಬರು ಹೆಗಲ ಮೇಲಿಟ್ಟು ಮನೆಗೆ ತರುವುದು. ನಡುಮನೆಯ ನೆಲದಲ್ಲಿ ಆ ಬಿದಿರಿನ ಈ ತುದಿಗೊಂದು ಆ ತುದಿಗೊಂದು ಹೊಳೆಯ ಗುಂಡುಕಲ್ಲು ಹೂತು, ಬಿದಿರನ್ನು ಸೀಳಿ ಹೊಸ ಒಲೆಗೆ ಮೊದಲ ಉರಿ ಹಾಕುವುದು. ಸೋಮಪ್ಪನ ಅಳತೆ ಮನೆಯೊಳಗೆ ಇರುವ ತನಕ ಮನೆ ಅಲ್ಲಾಡುವುದಿಲ್ಲ ಎಂದು ನಂಬಿಕೆ. ಹೆಂಗಸರು ನೆಲ ಸಾರಿಸುವಾಗ ಆ ಕಲ್ಲುಗಳ ನೆತ್ತಿಗೆ ಸಗಣಿ ತಾಗಿಸುತ್ತಿರಲಿಲ್ಲ. ಊರಾಚೆಯ ಕೇರಿಯವರನ್ನು ಮಾತ್ರ ಈ ಕೋಲಿನ ಹತ್ತಿರಕ್ಕೆ ಯಾರೂ ಬಿಟ್ಟವರಲ್ಲ. ಅವರ ಮನೆಗಳೂ ಅಲ್ಲಾಡದೆ ನಿಂತೇ ಇದ್ದವು, ಅದನ್ನು ಯಾರೂ ಗಮನಿಸಿದವರೂ ಅಲ್ಲ.

ಗುರುಪಾದಸ್ವಾಮಿಯವರು ಇದಕ್ಕೆ ಕುರುಡರ ಕೋಲು ಅನ್ನುತ್ತಿದ್ದರು. ತಮ್ಮ ಮನೆಯನ್ನು ಐವತ್ತನೇ ಇಸವಿಯಲ್ಲಿ ಅಡಿ ಅಂಗುಲಗಳಲ್ಲೇ ಕಟ್ಟಿಸಿದರು. ಊರಲ್ಲಿ ಗುಂಡುಕಲ್ಲಿಲ್ಲದ ಮನೆ ಅದೊಂದೇ. ತಾಲ್ಲೂಕಿನ ಕೆರೆ, ಕಟ್ಟೆ, ಹಳ್ಳ, ಸುಡುಗಾಡು ಎಲ್ಲವನ್ನೂ ಅಳೆದಿದ್ದ ಅವರು, ಆ ಎರಡು ಗುರುತುಗಳ ನಡುವೆ ಒಂದು ದಿನವೂ ಟೇಪು ಇಟ್ಟವರಲ್ಲ. ಅಳೆದರೆ ಅದಕ್ಕೊಂದು ಮರ್ಯಾದೆ ಕೊಟ್ಟಂತಾಗುತ್ತದೆ ಎಂದುಕೊಂಡಿದ್ದರು.

ಆ ಕೋಲಿನ ಮೇಲೆ ಅವರಿಗಿದ್ದ ಸಿಟ್ಟಿಗೆ ಇನ್ನೊಂದು ಕಾರಣವಿತ್ತು. ಆ ಕಾರಣದ ಹೆಸರು ಮಹಾಲಕ್ಷ್ಮಮ್ಮ.

ಮಹಾಲಕ್ಷ್ಮಮ್ಮನ ಹೊಲ ಅವರ ಹೊಲಕ್ಕೆ ತಾಕಿಕೊಂಡೇ ಇತ್ತು. ಅವಳ ಮಾವನ ಕಾಲದ ಪತ್ರದಲ್ಲಿ ಅಗಲ ಮೂವತ್ತು ಕೋಲು ಎಂದಿತ್ತು. ಮೂವತ್ತೆಂಟರಲ್ಲಿ ಊರಿಗೆ ಸರ್ವೆ ಬಂದಾಗ ಗುರುಪಾದಸ್ವಾಮಿಯವರು ಕಚೇರಿಯ ಪಟ್ಟಿ ನೋಡಿ, ಕೋಲಿಗೆ ಹನ್ನೆರಡು ಅಡಿ ಎಂದು ಹಿಡಿದು, ಮುನ್ನೂರ ಅರವತ್ತು ಅಡಿಗೆ ಕಲ್ಲು ನೆಡಿಸಿದರು. ತನ್ನ ಹೊಲದ ಮಗ್ಗುಲಿಗೆ ತಾನೇ ಸರಪಳಿ ಹಿಡಿಯಬಾರದೆಂದು ನಿಯಮವಿತ್ತು. ಅದು ಕಳ್ಳರಿಗೆ ಮಾಡಿದ ನಿಯಮ ಎಂದು ಅವರು ತಿಳಿದಿದ್ದರು. ಕಲ್ಲು ನೆಟ್ಟ ಮೇಲೆ ನೋಡಿದರೆ, ಅವಳ ಹೊಲಕ್ಕೆ ನೀರು ತರುತ್ತಿದ್ದ ಕಾಲುವೆ ಕಲ್ಲಿನಾಚೆ, ಇವರ ಕಡೆಗೆ ಬಿದ್ದಿತ್ತು. ಗದ್ದೆ ಬೆಳೆಯುತ್ತಿದ್ದ ನೆಲ ಹುರುಳಿಗೆ ಬಂತು. ಆ ಮೇಲೆ ಗಂಡ ಸತ್ತ. ಮಹಾಲಕ್ಷ್ಮಮ್ಮ ಇಪ್ಪತ್ತೆಂಟು ವರ್ಷ ಒಂದೇ ಮಾತು ಹೇಳಿದಳು.

"ಸೋಮಪ್ಪನ ಕೋಲ್ನಾಗೆ ಅಳೀರಿ ಸಾಮಿ. ಮೂವತ್ತು ಕೋಲು ಬಂದ್ರೆ ನಾ ಬಾಯಿ ಮುಚ್ಕತೀನಿ."

"ಸರ್ಕಾರದ ಸರಪಳಿಗಿಂತ ನಿನ್ನ ಬಿದಿರು ದೊಡ್ಡದಾ?"

"ದೊಡ್ಡದೋ ಚಿಕ್ಕದೋ ಅಳುದ್ರೆ ತಾನೇ ತಿಳಿಯಾದು."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವರು ಪಂಚಾಯ್ತಿಯಲ್ಲಿ ನಕ್ಕರು. ಪಂಚಾಯ್ತಿಯೂ ನಕ್ಕಿತು. ಅವರ ಮುಂದೆ ನಗದೆ ಇದ್ದವರಿಗೆ ಖಾತೆ ನಕಲು ತಡವಾಗಿ ಸಿಗುತ್ತಿತ್ತು.

ಅರವತ್ತೆರಡರಲ್ಲಿ ಅವರು ಪಂಚಾಯ್ತಿ ಛೇರ್ಮನ್ನರಾಗಿ ಊರಿನ ಸಗಣಿ ನೆಲಗಳ ಮೇಲೆ ಯುದ್ಧ ಸಾರಿದರು. ಸಗಣಿಯಲ್ಲಿ ಹುಟ್ಟಿ ಸಗಣಿಯಲ್ಲಿ ಸಾಯುವ ಜನ ಎಂದು ಮನೆಮನೆಗೆ ಹೋಗಿ ಬೈದು ಸಿಮೆಂಟು ಪರ್ಮಿಟ್ಟು ಕೊಡಿಸಿದರು. ನೆಲವನ್ನು ಮೊಳದಾಳ ಅಗೆದು, ಜಲ್ಲಿ ಬಡಿದು, ಸಿಮೆಂಟು ಹಾಕಿಸಿದರು. ಗುಂಡುಕಲ್ಲುಗಳು ಮಣ್ಣಿನ ಜೊತೆ ತಿಪ್ಪೆಗೆ ಹೋದವು. "ಅಳತೆ ಕಲ್ಲು ಕಣ್ ಬುದ್ಧಿ, ಅಂಗೇ ಬಿಟ್ಬುಡನಾ" ಎಂದು ಗಾಡಿ ಹೊಡೆಯುವ ಮಾದಣ್ಣ ಅಂದದ್ದಕ್ಕೆ, "ನಿನ್ನ ತಲೇಲೂ ಅದೇ ಇದೆ, ಅದನ್ನೂ ಕಿತ್ತು ಎಸಿ" ಅಂದರು. ಪರ್ಮಿಟ್ಟಿದ್ದರೂ ಸಿಮೆಂಟು ಕೊಳ್ಳಲು ಕೈಯಲ್ಲಿ ಕಾಸು ಬೇಕಲ್ಲ. ಮಹಾಲಕ್ಷ್ಮಮ್ಮನ ಕೈಯಲ್ಲಿ ಇರಲಿಲ್ಲ. ಅವಳ ನೆಲ ಹಾಗೇ ಉಳಿಯಿತು.

ಅರವತ್ತಾರರಲ್ಲಿ ಗುಡಿಯ ಜೀರ್ಣೋದ್ಧಾರ. ಕೆಲಸಕ್ಕೆ ಬಂದ ಕಲ್ಲುಕುಟಿಗ ದೊಡ್ಡಮಾದಯ್ಯ ಉತ್ತರದ ಬುಡಕ್ಕೆ ಬಂದಾಗ ಉಳಿ ಕೆಳಗಿಟ್ಟ.

"ಇದು ಸೋಮಪ್ಪನ ಕೋಲು ಕಣ್ ಸಾಮಿ. ಇದ್ನ ಬುಟ್ಟು ಮಿಕ್ಕಿದ್ದು ಕೆತ್ತಲಾ?"

"ಎಲ್ಲಾ ಕೆತ್ತಿ ಸಪಾಟು ಮಾಡು. ಮೇಲೆ ಸಿಮೆಂಟು ಎಳಿ. ಇವತ್ತಿಗೆ ಈ ಊರಿನ ಹುಚ್ಚು ಬಿಡಲಿ."

"ನಮ್ ತಾತನ್ ತಾತ ಕೊರ್ದಿದ್ರೂ ಕೊರ್ದಿರ್ಬೋದು, ನಾ ಎಂಗೆ..."

"ಅವನಿಗೆ ಅಕ್ಷರ ಬಂದಿದ್ರೆ ಏನಾದ್ರೂ ಬರೀತಿದ್ದ. ಬರದೆ ಇದ್ದದ್ದಕ್ಕೆ ಗೀಟು ಹಾಕಿದ. ಕೆತ್ತು."

ದೊಡ್ಡಮಾದಯ್ಯ ಕೆತ್ತಿದ. ಗುರುಪಾದಸ್ವಾಮಿಯವರು ಎದುರಿಗೇ ಕುರ್ಚಿ ಹಾಕಿಕೊಂಡು ಕಡೆಯ ಗೀಟು ಪುಡಿಯಾಗುವ ತನಕ ಕೂತಿದ್ದರು. ಮಹಾಲಕ್ಷ್ಮಮ್ಮ ಬೇಲಿಯ ಆಚೆ ನಿಂತು ನೋಡಿ ಹೊರಟುಹೋದಳು. ಗೆದ್ದೆ ಅಂದುಕೊಂಡರು. ಇಂಥವರು ಗೆದ್ದಾಗಲೇ ಹುಷಾರಾಗಿರಬೇಕು, ಆದರೆ ಅದನ್ನು ಇವರಿಗೆ ಹೇಳುವವರು ಯಾರು?

ಎಪ್ಪತ್ತೆರಡರಲ್ಲಿ ಗುಡಿಯ ಭೂಮಿಯ ತಕರಾರು ಬಂತು. ಗುಡಿಯಿಂದ ಮೂಡಲಿಗೆ ಸೋಮೇಶ್ವರನ ತೋಟ, ತೋಟದ ಕೊನೆಯಲ್ಲಿ ಬೇಸಗೆಯಲ್ಲೂ ಬತ್ತದ ಕಲ್ಲುಬಾವಿ. ಅದರ ನೀರು ಊರಿಗೆಲ್ಲ ಕುಡಿಯುವ ನೀರು. ಅದರಾಚೆ ಯಳಂದೂರು ಕಡೆಯ ಪಕ್ಕದ ಊರು. ಹಿಂದೆ ಇದೇ ಜಾಗದಲ್ಲಿ ಮದ್ರಾಸು ಮುಗಿದು ಮೈಸೂರು ಶುರುವಾಗುತ್ತಿತ್ತು. ಮದ್ರಾಸಿನ ನಕ್ಷೆ ಬಾವಿಗಿಂತ ಹಿಂದೆಯೇ ನಿಂತಿತ್ತು, ಮೈಸೂರಿನ ನಕ್ಷೆ ಬಾವಿಗಿಂತ ಮುಂದಿನಿಂದ ಹೊರಟಿತ್ತು. ನಡುವಿನ ಪಟ್ಟೆ ಎರಡು ಸರ್ಕಾರಗಳ ಲೆಕ್ಕದಲ್ಲೂ ಇರಲಿಲ್ಲ. ಹದಿನಾರು ವರ್ಷ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪಕ್ಕದ ಊರಿನವರು ಬಾವಿಗೆ ಪಂಪುಸೆಟ್ಟು ಇಳಿಸಲು ಬಂದಾಗ ಬಿತ್ತು.

ವಿಚಾರಣೆಗೆ ಬಂದ ಅಧಿಕಾರಿ ಎರಡೂ ನಕ್ಷೆ ಪಕ್ಕಪಕ್ಕ ಹಾಸಿ ನೋಡಿ ತಲೆ ಕೆರೆದುಕೊಂಡರು. ಗುಡಿಗೆ ಮೂಲದಲ್ಲಿ ಎಷ್ಟು ಭೂಮಿ ಕೊಟ್ಟಿದ್ದರೆಂದು ದಾಖಲೆ ಇದ್ದರೆ ತನ್ನಿ ಅಂದರು. ಗುರುಪಾದಸ್ವಾಮಿಯವರು ಎದ್ದು ನಿಂತು, ದಾಖಲೆ ಗೋಡೆಯ ಮೇಲೆಯೇ ಇದೆ, ನಾನು ಎಣ್ಣೆ ಹಾಕಿ ಕಾಪಾಡಿದ್ದೇನೆ ಅಂದರು. ಬಾವಿ ಉಳಿಸಿಕೊಡುವುದು ನನ್ನ ಹೊಣೆ, ತಪ್ಪಿದರೆ ಧರ್ಮದರ್ಶಿತನ ಬಿಡುತ್ತೇನೆ ಎಂದು ಊರಿನ ಮುಂದೆ ಮಾತು ಕೊಟ್ಟರು.

ಮೈಸೂರಿನಿಂದ ಶಾಸನ ಓದುವ ಹುಡುಗಪ್ರಾಯದ ಪಂಡಿತರೊಬ್ಬರು ಬಂದರು. ಒದ್ದೆ ಕಾಗದ ಕಲ್ಲಿಗೆ ಅಂಟಿಸಿ, ಬ್ರಷ್ಷಿನಿಂದ ಬಡಿದು, ಮಸಿ ಹಚ್ಚಿ, ಅಕ್ಷರ ಎಬ್ಬಿಸಿಕೊಂಡು ಜಗಲಿಯ ಮೇಲೆ ಹರಡಿ ಓದಿದರು. ಇಷ್ಟು ಎಳೆಯರಿಗೆ ಏನು ಗೊತ್ತು ಎಂಬ ಮುಖದಲ್ಲಿ ಗುರುಪಾದಸ್ವಾಮಿಯವರು ಪಕ್ಕದಲ್ಲಿ ನಿಂತಿದ್ದರು.

"ಒಳ್ಳೇ ಶಾಸನ ಸಾರ್. ಗುಡಿಯ ಬಾಗಿಲಿಂದ ಮೂಡಲಿಗೆ ನೂರಿಪ್ಪತ್ತು ಕೋಲು ಭೂಮಿ ದೇವರಿಗೆ ಅಂತ ಸ್ಪಷ್ಟವಾಗಿದೆ."

"ನಾನು ಹೇಳಿರಲಿಲ್ಲವೇ" ಅಂದರು ಗುರುಪಾದಸ್ವಾಮಿಯವರು.

"ಯಾವ ಕೋಲು ಅಂತಲೂ ಇದೆ. ಈ ಗುಡಿಯ ಬಡಗಣ ಬುಡದಲ್ಲಿ ಕೊರೆದ ಕೋಲು ಅಂತೆ. ಬಹಳ ಅಪರೂಪ ಸಾರ್ ಇದು. ಎಲ್ಲಿದೆ, ತೋರಿಸಿ."

ಜಗಲಿಯ ಸುತ್ತ ಊರೇ ನೆರೆದಿತ್ತು. ದೊಡ್ಡಮಾದಯ್ಯ ತನ್ನ ಕಾಲಿನ ಹೆಬ್ಬೆರಳು ನೋಡುತ್ತಿದ್ದ. ಕೊನೆಗೆ ಮಾದಣ್ಣ ಮುಂದೆ ಬಂದು ಪಂಡಿತರನ್ನು ಗುಡಿಯ ಉತ್ತರದ ಮಗ್ಗುಲಿಗೆ ಕರೆದುಕೊಂಡು ಹೋಗಿ, ನುಣ್ಣಗಿದ್ದ ಸಿಮೆಂಟನ್ನು ತೋರಿಸಿದ.

"ಇಲ್ಲಿತ್ತು ಕಣ್ರಿ. ನಮ್ ಸರ್ವೆ ಸಾಮ್ಯೋರು ರಿಪೇರಿ ಮಾಡ್ಸವ್ರೆ."

ಪಕ್ಕದ ಊರಿನ ಪರವಾಗಿ ಬಂದಿದ್ದವನು ಕೆಂಪನಂಜಪ್ಪ, ಜಮೀನುದಾರ, ಗಟ್ಟಿಗ. ಅವನು ನಕ್ಕು ಕಾಗದ ತೆಗೆದ. "ಕೋಲು ಇಲ್ದೆ ಓದ್ರೆ ಓಗ್ಲಿ ಸಾ. ಮೂವತ್ತೆಂಟ್ನೇ ಇಸ್ವೀಲಿ ಇವ್ರೇ ಕೋಲಿಗೆ ಅನ್ನೆರ್ಡಡಿ ಅಂತ ರುಜು ಆಕವ್ರೆ, ನೋಡಿ. ನೂರಿಪ್ಪತ್ತು ಕೋಲಂದ್ರೆ ಸಾವಿರದ ನಾನೂರ ನಲವತ್ತಡಿ. ಬಾವಿ ಸಾವಿರದ ನಾನೂರ ಅರವತ್ತರಲ್ಲಿ ಅದೆ. ಇಪ್ಪತ್ತಡಿ ಆಚ್ಗೆ. ನಮ್ದು."

ಗುರುಪಾದಸ್ವಾಮಿಯವರು ತಮ್ಮದೇ ರುಜುವನ್ನು ನೋಡಿದರು. ಅಂದವಾದ ರುಜು. ಅಧಿಕಾರಿ ಮೂರು ದಿನ ಗಡುವು ಕೊಟ್ಟರು. ಆ ಕೋಲಿನ ನಿಜವಾದ ಉದ್ದಕ್ಕೆ ಬೇರೆ ಸಾಕ್ಷಿ ಇದ್ದರೆ ತನ್ನಿ, ಇಲ್ಲದಿದ್ದರೆ ಹನ್ನೆರಡಡಿಯೇ ಖಾಯಂ ಅಂದರು.

ಸಾಕ್ಷಿ ಎಲ್ಲಿದೆ ಎಂದು ಊರಿನ ಮಗುವಿಗೂ ಗೊತ್ತಿತ್ತು. ಎರಡು ದಿನ ಗುರುಪಾದಸ್ವಾಮಿಯವರು ಟೇಪು ಹಿಡಿದು ಮನೆಯಿಂದ ಮನೆಗೆ ತಿರುಗಿದರು. ಎಲ್ಲ ಮನೆಯಲ್ಲೂ ಕೂರಲು ಮಣೆ ಹಾಕಿದರು, ಮಜ್ಜಿಗೆ ಕೊಟ್ಟರು, ಬಹಳ ವಿನಯದಿಂದ ಮಾತಾಡಿದರು.

"ಗುಂಡ್ಕಲ್ಲಾ ಬುದ್ಧಿ? ತಾವೇ ಕೀಳ್ಸಿದ್ರಲ್ಲ. ಸಿಮೆಂಟು ಇನ್ನೂ ಒಂದು ಬಿರುಕು ಬಿಟ್ಟಿಲ್ಲ ನೋಡಿ, ತಮ್ಮ ದಯ."

"ನಮ್ದೂ ಅಂಗೇ. ಮಾಲಕ್ಷ್ಮಮ್ಮನ ಮನೇಲಿ ಐತೇನೋ, ಕೇಳಿ ನೋಡಿ."

ಅವರು ಬೈದಿದ್ದರೆ ಇವರಿಗೆ ತಿರುಗಿ ಬೈಯಲು ಬರುತ್ತಿತ್ತು. ಈ ವಿನಯಕ್ಕೆ ಏನು ಮಾಡುವುದೆಂದು ತಿಳಿಯಲಿಲ್ಲ. ಮೂವತ್ತು ವರ್ಷ ಈ ಜನಕ್ಕೆ ಬುದ್ಧಿಯಿಲ್ಲ ಎಂದುಕೊಂಡು ಬಂದಿದ್ದರು. ಇದ್ದ ಬುದ್ಧಿಯನ್ನು ತಮಗೆ ತೋರಿಸಿರಲಿಲ್ಲ, ಅಷ್ಟೇ ಎಂದು ಈಗ ಹೊಳೆಯಿತು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಕೋಪ ಬಂತು.

ಮೂರನೆಯ ದಿನ ಬೆಳಿಗ್ಗೆ ಮಹಾಲಕ್ಷ್ಮಮ್ಮನ ಬಾಗಿಲಿಗೆ ಹೋದರು. ಅವಳು ಹುರುಳಿ ಕೇರುತ್ತಿದ್ದಳು, ಮೊರ ಕೆಳಗಿಡಲಿಲ್ಲ.

"ನಿಮ್ಮ ಮನೆಯಲ್ಲಿ ಅಳತೆ ಕಲ್ಲು ಇದೆಯಾ?" ಇಷ್ಟು ವರ್ಷದಲ್ಲಿ ಅವಳಿಗೆ ಬಹುವಚನ ಹಾಕಿದ್ದು ಅದೇ ಮೊದಲು.

"ಅವೆ. ನೀರು ಬರಾದು ನಿಂತ ಮ್ಯಾಕೆ ಸಿಮೆಂಟಿಗೆ ನಮ್ಗೆ ಗತಿ ಎಲ್ಲಿತ್ತು. ಒಳಿಕ್ ಬನ್ನಿ."

ಬಾಗಿಲು ಗಿಡ್ಡ. ಬಗ್ಗಿ ಒಳಗೆ ಹೋದರು. ಆಗಷ್ಟೇ ಸಾರಿಸಿದ ನೆಲ, ಅದರ ನಡುವೆ ತೊಳೆದಿಟ್ಟ ಮೊಟ್ಟೆಯ ಹಾಗೆ ಎರಡು ಕಲ್ಲು. ಟೇಪಿನ ತುದಿ ಹಿಡಿಯಲು ಅವಳು ಕೈ ಕೊಡಲಿಲ್ಲ. ಅವರೇ ಒದ್ದೆ ಸಗಣಿಯ ಮೇಲೆ ಮೊಣಕಾಲೂರಿ, ಒಂದು ಕಲ್ಲಿಗೆ ತುದಿ ಸಿಕ್ಕಿಸಿ, ಇನ್ನೊಂದರ ತನಕ ತೆವಳಿದರು. ಹನ್ನೆರಡು ಅಡಿ ನಾಲ್ಕು ಅಂಗುಲ. ಮತ್ತೆ ಅಳೆದರು. ಹನ್ನೆರಡು ಅಡಿ ನಾಲ್ಕು ಅಂಗುಲ.

ಆ ಸಂಖ್ಯೆಯ ದುಪ್ಪಟ್ಟು ಇಪ್ಪತ್ತನಾಲ್ಕು ಅಡಿ ಎಂಟು ಅಂಗುಲ. ನವರಂಗ ಗೋಡೆಯಿಂದ ಗೋಡೆಗೆ ಸರಿಯಾಗಿ ಎರಡು ಕೋಲು. ಮುಠ್ಠಾಳ ಎಂದು ತಾವು ಕೆಂಪು ಮಸಿಯಲ್ಲಿ ಬರೆದಿದ್ದ ಮನುಷ್ಯ ಒಂದು ಕೂದಲೆಳೆಯೂ ತಪ್ಪಿರಲಿಲ್ಲ. ಗುರುಪಾದಸ್ವಾಮಿಯವರು ನೆಲದ ಮೇಲೆಯೇ ಕೂತರು. ಲೆಕ್ಕ ಅವರ ತಲೆಯಲ್ಲಿ ಕರೆಯದೆಯೇ ಮುಂದೆ ಓಡಿತು. ನೂರಿಪ್ಪತ್ತು ಕೋಲಿಗೆ ಸಾವಿರದ ನಾನೂರ ಎಂಬತ್ತು ಅಡಿ, ಬಾವಿ ಗುಡಿಯದೇ. ಮೂವತ್ತು ಕೋಲಿಗೆ ಮುನ್ನೂರ ಎಪ್ಪತ್ತು ಅಡಿ. ಅಲ್ಲಿ ಲೆಕ್ಕ ನಿಲ್ಲಿಸಲು ನೋಡಿದರು, ನಿಲ್ಲಲಿಲ್ಲ.

"ಎಷ್ಟು ಬಂತು ಸಾಮಿ?"

ಅವರು ಟೇಪು ಸುತ್ತತೊಡಗಿದರು.

"ಓಗ್ಲಿ ಬುಡಿ. ನಂಗೆ ನಿಮ್ ಟೇಪು ಓದಕ್ ಬರಕ್ಕಿಲ್ಲ. ನೀವು ಏಳಿದ್ದೇ ಅಳತೆ, ಅವತ್ಗೂ ಇವತ್ಗೂ" ಎಂದು ಅವಳು ಮತ್ತೆ ಹುರುಳಿ ಕೇರತೊಡಗಿದಳು.

ಮಧ್ಯಾಹ್ನ ಗುಡಿಯ ಪಟ್ಟಸಾಲೆಯಲ್ಲಿ ವಿಚಾರಣೆ ಕೂತಿತು. ಹನ್ನೆರಡಡಿ ಅಂದರೆ ಬಾವಿ ಹೋಗುತ್ತದೆ, ಜೊತೆಗೆ ಧರ್ಮದರ್ಶಿತನವೂ. ಹನ್ನೆರಡಡಿ ನಾಲ್ಕಂಗುಲ ಅಂದರೆ ತಮ್ಮ ಮೂವತ್ತು ವರ್ಷದ ಸರಪಳಿ ಹೋಗುತ್ತದೆ. ಗುರುಪಾದಸ್ವಾಮಿಯವರು ತಮ್ಮ ರಟ್ಟಿನ ಪುಸ್ತಕ ತೆರೆದು ನವರಂಗದ ಪುಟ ಅಧಿಕಾರಿಯ ಮುಂದೆ ಇಟ್ಟರು. ಕೆಂಪು ಮಸಿಯ ಸಾಲನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿದಿದ್ದರು.

"ಕೋಲು ಹನ್ನೆರಡಡಿ ನಾಲ್ಕಂಗುಲ. ಮಹಾಲಕ್ಷ್ಮಮ್ಮನವರ ಮನೆಯ ನೆಲದಲ್ಲಿ ಇವತ್ತು ಬೆಳಿಗ್ಗೆ ನಾನೇ ಅಳೆದೆ. ನವರಂಗ ಇದರ ಎರಡರಷ್ಟು. ಬೇಕಾದರೆ ತಾವೇ ಅಳೆದು ನೋಡಿ."

ಪಂಡಿತರು ಹೋಗಿ ಎರಡನ್ನೂ ಅಳೆದು ಬಂದು ಹೌದು ಅಂದರು. ಅಧಿಕಾರಿ ಕನ್ನಡಕದ ಮೇಲಿಂದ ನೋಡಿದರು. "ನೀವೇ ಹಿಂದೆ ಹನ್ನೆರಡು ಅಂತ ಬರೆದಿದ್ದೀರಿ. ಯಾವುದು ಸರಿ?"

"ಇದು ಸರಿ. ಅದು ನನ್ನ ತಪ್ಪು."

ತಪ್ಪು ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ಊರು ಆವತ್ತೇ ಕೇಳಿದ್ದು. ಅಧಿಕಾರಿ ಬರೆದುಕೊಂಡು, ಬಾವಿ ಸೋಮೇಶ್ವರನದೆಂದು ಹೇಳಿ ಪೆನ್ನು ಮುಚ್ಚಿದರು. ಕೆಂಪನಂಜಪ್ಪ ಟವೆಲ್ಲು ಕೊಡವಿ ಎದ್ದ. ಆಗ ಹಿಂದಿನ ಕಂಬದ ಮರೆಯಿಂದ ಮಹಾಲಕ್ಷ್ಮಮ್ಮ ಕೇಳಿದಳು.

"ಸಾ, ಒಂದ್ ಮಾತು. ಕೋಲಿಗೆ ನಾಕಂಗುಲ ಎಚ್ಚು ಅಂದ್ರೆ, ಮೂವತ್ತು ಕೋಲಿಗೆ ಎಷ್ಟು ಎಚ್ಚಾಯ್ತದೆ?"

ಅಧಿಕಾರಿ ಈ ಊರಿನವರಲ್ಲ. ಏನೂ ತಿಳಿಯದ ಅವರು ಸಲೀಸಾಗಿ ಲೆಕ್ಕ ಹಾಕಿದರು. "ನೂರಿಪ್ಪತ್ತು ಅಂಗುಲ. ಹತ್ತು ಅಡಿ. ಯಾಕಮ್ಮ?"

"ಏನಿಲ್ಲ ಸಾ. ಸುಮ್ಕೆ ತಿಳ್ಕಳವ ಅಂತ."

ಅವಳು ಗುರುಪಾದಸ್ವಾಮಿಯವರ ಕಡೆ ತಿರುಗಿದಳು. "ಹೊಲದ ಕಲ್ಲು ಕೀಳಕ್ಕೆ ನಾಳೀಕೆ ನಾನೇ ಆಳು ಕರ್ಕಂಡ್ ಬರ್ಲಾ ಸಾಮಿ, ನೀವೇ ಬತ್ತೀರಾ?"

ಮರುದಿನ ಬಿಸಿಲು ಏರುವ ಮುಂಚೆಯೇ ಅವರು ಹಾರೆ ಹಿಡಿದು ಒಬ್ಬರೇ ಬಂದರು. ಸರಪಳಿ ತಂದಿರಲಿಲ್ಲ. ಬದುವಿನ ಮೇಲೆ ಮಹಾಲಕ್ಷ್ಮಮ್ಮ ಆಗಲೇ ಕಾಯುತ್ತಿದ್ದಳು. ತನ್ನ ನೆಲದ ಎರಡು ಕಲ್ಲುಗಳ ಅಳತೆಗೆ ಹೊಸ ಬಿದಿರು ಕತ್ತರಿಸಿಕೊಂಡು ಬಂದಿದ್ದಳು. ಅದರ ಒಂದು ತುದಿ ತಾನು ಹಿಡಿದು ಇನ್ನೊಂದನ್ನು ಅವರ ಕೈಗೆ ಕೊಟ್ಟಳು. ಪಡುವಣ ಬದುವಿನ ಬಂಡೆಯಿಂದ ಶುರುಮಾಡಿ "ಒಂದು" ಅಂದಳು. ಸರ್ವೇಯರು ನಿಂತುಕೊಂಡೇ ತುದಿಯನ್ನು ಮೊಳದೆತ್ತರದಲ್ಲಿ ಹಿಡಿದಿದ್ದರು.

"ಬಗ್ಗಿ ನೆಲಕ್ಕೆ ಇಡ್ರಿ ಸಾಮಿ" ಅಂದಳು ಮಹಾಲಕ್ಷ್ಮಮ್ಮ. "ಗಾಳೀಲಿ ಇಡ್ಕಂಡ್ರೆ ಅಳತೆ ತಪ್ತದೆ."

ಅವರು ಬಗ್ಗಿದರು. ಇನ್ನೂ ಇಪ್ಪತ್ತೊಂಬತ್ತು ಸಲ ಬಗ್ಗಬೇಕಿತ್ತು.